ವೈನ್ ರುಚಿ ನೋಡುವಾಗ ಹಣ್ಣಿನ ಹೆಸರು ಹುಡುಕಬೇಡಿ, ಮೊದಲು ಹುಳಿ ನೋಡಿ

ಟೇಬಲ್ ಮೇಲೆ ಆರು ಗ್ಲಾಸು ಸಾಲಾಗಿ ಇಟ್ಟಿದ್ದಾರೆ. ಒಂದೊಂದರಲ್ಲೂ ಎರಡು ಮೂರು ಗುಟುಕು ವೈನ್. ಒಂದು ಜರ್ಮನಿಯದು, ಒಂದು ನ್ಯೂಜಿಲೆಂಡಿನದು, ಒಂದು ಇಟಲಿಯದು, ಹೀಗೆ. ಪಕ್ಕದಲ್ಲಿರುವ ಹಾಳೆಯಲ್ಲಿ ‘ಚೆರ್ರಿ, ಗುಲಾಬಿ, ತಂಬಾಕು, ಒದ್ದೆ ಕಲ್ಲು’ ಅಂತೆಲ್ಲ ಬರೆದಿದೆ. ನೀವು ಗ್ಲಾಸಿಗೆ ಮೂಗು ತೂರಿಸಿ ಜೋರಾಗಿ ಉಸಿರೆಳೆದುಕೊಳ್ಳುತ್ತೀರಿ. ವೈನ್ ವಾಸನೆ ಬರುತ್ತದೆ. ಅಷ್ಟೇ. ಇನ್ನೊಂದು ಸಲ ಮೂಸುತ್ತೀರಿ, ಆಗಲೂ ಅಷ್ಟೇ. ಅಷ್ಟರಲ್ಲಿ ಪಕ್ಕದವರು ‘ಹೌದು ಹೌದು, ಗುಲಾಬಿ’ ಅಂತ ತಲೆಯಾಡಿಸಿದರೆ, ಇದೆಲ್ಲ ನಮ್ಮಂಥವರಿಗಲ್ಲ ಅನ್ನಿಸಿಬಿಡುತ್ತದೆ.

ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ, ಯಾಕಂದರೆ ಅವರ ಮೂಗಿನಲ್ಲಿ ಯಾವ ದೋಷವೂ ಇಲ್ಲ, ಶುರು ಮಾಡಿದ ಜಾಗ ಸರಿಯಿಲ್ಲ. ವಾಸನೆಗೆ ಹೆಸರಿಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ನೋಡಬೇಕಾದದ್ದು ಮೂರೇ ಮೂರು: ಹುಳಿ ಎಷ್ಟಿದೆ, ಆಲ್ಕೋಹಾಲಿನ ಬಿಸಿ ಎಷ್ಟಿದೆ, ಒಗರು ಎಷ್ಟಿದೆ. ಇದಕ್ಕೆ ತರಬೇತಿ ಬೇಡ, ಪದಕೋಶ ಬೇಡ. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಬಿಸಿ ಗಂಟಲಲ್ಲಿ ಗೊತ್ತಾಗುತ್ತದೆ, ಒಗರು ಒಸಡಿಗೆ ಅಂಟಿಕೊಳ್ಳುತ್ತದೆ. ಈ ಮೂರನ್ನು ಗಮನವಿಟ್ಟು ಅಳೆದರೆ ಆ ವೈನ್ ಚಳಿಯ ಊರಿನದೋ ಬಿಸಿಲಿನ ಊರಿನದೋ, ದ್ರಾಕ್ಷಿಯ ಸಿಪ್ಪೆ ಎಷ್ಟು ಹೊತ್ತು ರಸದಲ್ಲಿ ನೆನೆದಿತ್ತು, ಇಷ್ಟೂ ಅಂದಾಜಿಗೆ ಸಿಗುತ್ತದೆ.

ಇನ್ನೊಂದು ಮಾತು. ಒಂದೇ ವೈನ್ ಇಟ್ಟುಕೊಂಡು ಕೂತರೆ ಇದು ಯಾವುದೂ ಆಗುವುದಿಲ್ಲ. ‘ಹುಳಿ ಜಾಸ್ತಿ’ ಅನ್ನಬೇಕಾದರೆ ಯಾವುದಕ್ಕಿಂತ ಜಾಸ್ತಿ ಅಂತ ಹೇಳಬೇಕಲ್ವಾ? ಬೇರೆ ಬೇರೆ ಪ್ರದೇಶದ ವೈನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರ ಇಡೀ ಲಾಭ ಇರುವುದೇ ಇಲ್ಲಿ.

ದ್ರಾಕ್ಷಿ ಕಾಯಿಯಾಗಿದ್ದಾಗ ಬರೀ ಹುಳಿ. ಬಣ್ಣ ತಿರುಗಿದ ಮೇಲೆ ಅದರಲ್ಲಿ ಸಕ್ಕರೆ ಏರುತ್ತಾ ಹೋಗುತ್ತದೆ, ಹುಳಿ ಇಳಿಯುತ್ತಾ ಬರುತ್ತದೆ. ದ್ರಾಕ್ಷಿಯ ಹುಳಿಯಲ್ಲಿ ಮುಖ್ಯವಾದವು ಎರಡು, ಟಾರ್ಟಾರಿಕ್ ಆಮ್ಲ ಮತ್ತು ಮ್ಯಾಲಿಕ್ ಆಮ್ಲ. ಹಸಿರು ಸೇಬಿನಲ್ಲಿ ಇರುವುದು ಈ ಎರಡನೆಯದೇ. ಬಿಸಿಲು ಏರಿದಷ್ಟೂ ಹಣ್ಣು ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಬಳಸಿ ಖರ್ಚು ಮಾಡುತ್ತದೆ. ಹಾಗಾಗಿ ಚಳಿಯ ಊರಿನ ದ್ರಾಕ್ಷಿಯಲ್ಲಿ ಹುಳಿ ಉಳಿದುಕೊಳ್ಳುತ್ತದೆ, ಬಿಸಿಲೂರಿನದರಲ್ಲಿ ಕರಗುತ್ತದೆ. ಇತ್ತ ಸಕ್ಕರೆಯ ಕಥೆ ಬೇರೆ. ಹುದುಗು ಬರುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇಕಡಾ 1ರಷ್ಟು ಆಲ್ಕೋಹಾಲ್ ಲೆಕ್ಕ. ಅಂದರೆ ಹಣ್ಣು ಜಾಸ್ತಿ ಮಾಗಿದ್ದರೆ ವೈನ್‌ನಲ್ಲಿ ಆಲ್ಕೋಹಾಲೂ ಜಾಸ್ತಿ. ಹುಳಿ ಮತ್ತು ಆಲ್ಕೋಹಾಲ್ ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ, ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ಇಳಿದಿರುತ್ತದೆ.

ಇದನ್ನು ಬಾಯಲ್ಲೇ ನೋಡಬೇಕು ಅಂದರೆ ಒಂದೇ ತಳಿಯ ಎರಡು ವೈನ್ ತೆಗೆದುಕೊಳ್ಳಿ. ಶಾರ್ಡನೆ ಇದಕ್ಕೆ ಹೇಳಿ ಮಾಡಿಸಿದ ದ್ರಾಕ್ಷಿ. ಒಂದು ಗ್ಲಾಸಿಗೆ ಫ್ರಾನ್ಸಿನ ಶಾಬ್ಲಿ. ಬರ್ಗಂಡಿಯ ಉತ್ತರದ ತುದಿ, ಚಳಿ ಜಾಸ್ತಿ, ವಸಂತದಲ್ಲೂ ಹಿಮ ಬಿದ್ದು ಚಿಗುರು ಸುಟ್ಟುಹೋಗುವಂಥ ಜಾಗ. ಇನ್ನೊಂದಕ್ಕೆ ಕ್ಯಾಲಿಫೋರ್ನಿಯಾದ ಬಿಸಿಲು ಕಣಿವೆಯ ಶಾರ್ಡನೆ. ಮೊದಲನೆಯದನ್ನು ಒಂದು ಗುಟುಕು ಬಾಯಿಗೆ ಹಾಕಿ, ಎಲ್ಲ ಕಡೆ ಓಡಾಡಿಸಿ ಉಗುಳಿ. ಆಮೇಲೆ ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ತುಟಿ ಮುಚ್ಚಿ, ಸುಮ್ನೆ ಕಾಯಿರಿ. ಜೊಲ್ಲು ಎಷ್ಟು ಬೇಗ ತುಂಬಿಕೊಳ್ಳುತ್ತದೆ, ಎಷ್ಟು ಹೊತ್ತು ಊರುತ್ತಲೇ ಇರುತ್ತದೆ ನೋಡಿ. ಶಾಬ್ಲಿಯಲ್ಲಿ ದವಡೆಯ ಹಿಂದಿನಿಂದ ನೀರು ಚಿಮ್ಮಿ ಬರುತ್ತದೆ, ನುಂಗಿದರೂ ಮತ್ತೆ ಬರುತ್ತದೆ. ಬಿಸಿಲೂರಿನದಕ್ಕೆ ಅಷ್ಟು ಬರುವುದಿಲ್ಲ, ಅದರ ಬದಲು ಬಾಯಿ ತುಂಬಿದ ಹಾಗೆ, ಮೆತ್ತಗೆ, ಸ್ವಲ್ಪ ಎಣ್ಣೆಯ ಹಾಗೆ ಅನ್ನಿಸುತ್ತದೆ. ಹುಳಿಯನ್ನು ನಾಲಿಗೆಯ ರುಚಿಯಿಂದ ಅಳೆಯಬೇಡಿ, ಜೊಲ್ಲಿನಿಂದ ಅಳೆಯಿರಿ. ಈ ಒಂದು ವಿಷಯ ಗೊತ್ತಾದ ಮೇಲೆ ನನಗೆ ವೈನ್ ಬಗ್ಗೆ ಇದ್ದ ಭಯ ಅರ್ಧ ಹೋಯಿತು.

ಯಾಕೆ ಜೊಲ್ಲು ಅಂದರೆ, ನಾಲಿಗೆ ಹುಳಿಯ ವಿಷಯದಲ್ಲಿ ಸುಲಭವಾಗಿ ಮೋಸ ಹೋಗುತ್ತದೆ. ಸಕ್ಕರೆ ಹುಳಿಯನ್ನು ಮುಚ್ಚಿಬಿಡುತ್ತದೆ. ಜರ್ಮನಿಯ ಮೊಸೆಲ್ ನದಿಯ ದಡದ ರೀಸ್ಲಿಂಗ್ ಅನ್ನುವ ಬಿಳಿ ವೈನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದ ಜಾಗ, ದ್ರಾಕ್ಷಿ ಮಾಗುವುದೇ ಕಷ್ಟ. ಅದಕ್ಕೇ ಅಲ್ಲಿನವರು ಬಿಸಿಲು ನೇರವಾಗಿ ಬೀಳುವ ಕಡಿದಾದ ಇಳಿಜಾರುಗಳಲ್ಲಿ ಬಳ್ಳಿ ನೆಟ್ಟಿದ್ದಾರೆ. ಕಾಲ್ಮಾಂಟ್ ಅನ್ನುವ ಗುಡ್ಡದ ಇಳಿಜಾರು ಕೆಲವೆಡೆ 65 ಡಿಗ್ರಿವರೆಗೂ ಇದೆ, ಹೆಜ್ಜೆ ಊರುವುದೇ ಕಷ್ಟವಾಗುವಷ್ಟು ಕಡಿದು. ನೆಲದ ತುಂಬ ಕಪ್ಪು ಸ್ಲೇಟ್ ಚೂರುಗಳು, ಹಗಲು ಕಾದು ರಾತ್ರಿ ನಿಧಾನಕ್ಕೆ ಬಿಸಿ ಬಿಡುತ್ತವೆ. ಇಷ್ಟೆಲ್ಲ ಮಾಡಿದರೂ ಹುಳಿ ಚುರುಕಾಗಿಯೇ ಉಳಿಯುತ್ತದೆ. ಅದನ್ನು ಸರಿದೂಗಿಸಲು ಕೆಲವು ವೈನ್‌ಗಳಲ್ಲಿ ಹುದುಗು ಮುಗಿಯುವ ಮೊದಲೇ ನಿಲ್ಲಿಸಿ ಸ್ವಲ್ಪ ಸಕ್ಕರೆ ಉಳಿಸುತ್ತಾರೆ, ಆಲ್ಕೋಹಾಲ್ ಶೇಕಡಾ 8ರ ಆಸುಪಾಸಿಗೇ ನಿಂತುಬಿಡುತ್ತದೆ. ಕುಡಿದವರು ‘ಸಿಹಿ ವೈನ್’ ಅಂತ ಪಕ್ಕಕ್ಕೆ ಇಡುತ್ತಾರೆ. ಸ್ವಲ್ಪ ಕಾದು ನೋಡಿದರೆ ಬಾಯಲ್ಲಿ ನೀರು ನಿಲ್ಲುವುದೇ ಇಲ್ಲ.

ಇನ್ನು ಈ ಲೆಕ್ಕವನ್ನು ಮನುಷ್ಯರೂ ಬದಲಾಯಿಸುತ್ತಾರೆ. ಹುದುಗು ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತವೆ, ಅಂದರೆ ಸೇಬಿನ ಹುಳಿ ಹೋಗಿ ಮೊಸರಿನ ಹುಳಿ ಬರುತ್ತದೆ. ಇದು ಮೆದು. ಈ ಬದಲಾವಣೆಯಲ್ಲಿ ಡೈಅಸಿಟೈಲ್ ಅನ್ನುವ ವಸ್ತು ಹುಟ್ಟುತ್ತದೆ, ಬೆಣ್ಣೆಗೆ ಬೆಣ್ಣೆ ವಾಸನೆ ಬರುವುದು ಇದರಿಂದಲೇ. ಶಾರ್ಡನೆಯಲ್ಲಿ ಬೆಣ್ಣೆ ವಾಸನೆ ಬಂತು ಅಂತ ಯಾರಾದರೂ ಹೇಳಿದರೆ ಅದು ಕವಿತೆಯಲ್ಲ, ಅದೇ ವಸ್ತು ಇಲ್ಲೂ ಇದೆ.

ಚಳಿ, ಬಿಸಿಲು ಅಂದ ತಕ್ಷಣ ಭೂಪಟದಲ್ಲಿ ಮೇಲೆ ಕೆಳಗೆ ನೋಡುವುದು ಸಾಲದು. ವೈನ್ ದ್ರಾಕ್ಷಿ ಹೆಚ್ಚಾಗಿ ಬೆಳೆಯುವುದು ಎರಡೂ ಗೋಳಾರ್ಧಗಳಲ್ಲಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ, ನಿಜ. ಆದರೆ ಎತ್ತರ, ಸಮುದ್ರ, ಮಂಜು, ಎಲ್ಲವೂ ಈ ಲೆಕ್ಕವನ್ನು ತಿರುವಿ ಹಾಕುತ್ತವೆ. ಅರ್ಜೆಂಟೀನಾದ ಮೆಂಡೋಸಾ ಒಣ ಬಿಸಿಲಿನ ಜಾಗ, ಬಯಲಿನಲ್ಲಿ ಬೆಳೆದಿದ್ದರೆ ದ್ರಾಕ್ಷಿ ಬೆಂದುಹೋಗುತ್ತಿತ್ತೋ ಏನೋ. ಆದರೆ ತೋಟಗಳು ಆಂಡಿಸ್ ಪರ್ವತದ ಬುಡದಲ್ಲಿ, ಎಷ್ಟೋ ಕಡೆ ಸಾವಿರ ಮೀಟರ್‌ಗೂ ಮೇಲೆ ಇವೆ. ಹಗಲು ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ಚಳಿ ಹುಳಿಯನ್ನು ಹಿಡಿದಿಡುತ್ತದೆ. ಹಾಗಾಗಿ ಅಲ್ಲಿನ ಮಾಲ್ಬೆಕ್ ಅನ್ನುವ ಕೆಂಪು ವೈನ್ ದಟ್ಟವಾಗಿಯೂ ಇರುತ್ತದೆ, ಬಾಯಿಗೆ ಭಾರವೂ ಆಗುವುದಿಲ್ಲ. ಚಿಲಿಯ ಕಾಸಾಬ್ಲಾಂಕಾ ಕಣಿವೆಗೆ ತಂಪು ಬರುವುದು ಹಂಬೋಲ್ಟ್ ಅನ್ನುವ ತಣ್ಣನೆಯ ಸಮುದ್ರ ಪ್ರವಾಹದಿಂದ, ಬೆಳಗ್ಗೆ ಹೊತ್ತು ಮಂಜು ಒಳಗೆ ನುಗ್ಗಿ ಬರುತ್ತದೆ. ದಕ್ಷಿಣ ಆಫ್ರಿಕಾದ ಕರಾವಳಿಗೆ ಬೆಂಗ್ವೆಲಾ ಪ್ರವಾಹ ಇದೇ ಕೆಲಸ ಮಾಡುತ್ತದೆ. ಬಿಸಿ ದೇಶ ಅಂದುಕೊಂಡ ಕಡೆಯಿಂದ ಬಂದ ವೈನ್ ಬಾಯಲ್ಲಿ ನೀರೂರಿಸಿದರೆ, ಎತ್ತರವೋ ಸಮುದ್ರವೋ ಅಂತ ಕೇಳಿ. ಉತ್ತರ ಬಹುಪಾಲು ಇವೆರಡರಲ್ಲೇ ಇರುತ್ತದೆ.

ಬಿಸಿ ಅಂದರೆ ಆಲ್ಕೋಹಾಲ್. ನುಂಗಿದಾಗ, ಅಥವಾ ಉಗುಳಿದ ಮೇಲೆ ಬಾಯಿಂದ ಉಸಿರು ಬಿಟ್ಟಾಗ, ಗಂಟಲಲ್ಲಿ ಬೆಚ್ಚಗೆ ಅನ್ನಿಸುತ್ತದೆ. ಶೇಕಡಾ 11ರ ವೈನ್‌ನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, 15ರದ್ದರಲ್ಲಿ ಎದೆಯವರೆಗೂ ಇಳಿಯುತ್ತದೆ. ಗ್ಲಾಸನ್ನು ತಿರುಗಿಸಿದಾಗ ಒಳಗೋಡೆಯಲ್ಲಿ ಹನಿಗಳು ಗೆರೆಗೆರೆಯಾಗಿ ಇಳಿಯುತ್ತವೆ, ಅದನ್ನು ನೋಡಿ ಒಳ್ಳೆಯ ವೈನ್ ಅನ್ನುವವರಿದ್ದಾರೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆಲ್ಕೋಹಾಲ್ ನೀರಿಗಿಂತ ಬೇಗ ಆರುತ್ತದೆ, ಗೋಡೆಯ ಮೇಲಿನ ತೆಳು ಪದರದಲ್ಲಿ ನೀರಿನ ಪಾಲು ಹೆಚ್ಚಾಗಿ ಮೇಲ್ಮೈ ಸೆಳೆತ ಬದಲಾಗುತ್ತದೆ, ಅದು ಕೆಳಗಿನ ವೈನನ್ನು ಮೇಲಕ್ಕೆ ಎಳೆಯುತ್ತದೆ, ಭಾರವಾದಾಗ ಹನಿಯಾಗಿ ಇಳಿಯುತ್ತದೆ. 1855ರಲ್ಲೇ ಜೇಮ್ಸ್ ಥಾಮ್ಸನ್ ಅನ್ನುವ ವಿಜ್ಞಾನಿ ಇದನ್ನು ವಿವರಿಸಿದ್ದರು. ನೋಡಲು ಚೆಂದ, ಆಲ್ಕೋಹಾಲ್ ಎಷ್ಟಿರಬಹುದು ಅನ್ನುವುದಕ್ಕೆ ಒಂದು ಸುಳಿವು, ಅಷ್ಟೇ.

ಮೂರನೆಯದು ಒಗರು. ನಮ್ಮ ಭಾಷೆಯಲ್ಲಿ ಇದಕ್ಕೆ ಇಷ್ಟು ಒಳ್ಳೆಯ ಪದ ಇರುವುದು ವೈನ್ ನೋಡುವವರಿಗೆ ದೊಡ್ಡ ಅನುಕೂಲ. ಕಹಿ ಬೇರೆ, ಒಗರು ಬೇರೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಾಳೆಕಾಯಿ ಕಚ್ಚಿದಾಗ, ಜಾಸ್ತಿ ಕುದ್ದ ಟೀ ಕುಡಿದಾಗ ಆಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನ್‌ಗಳನ್ನು ಹಿಡಿದುಕೊಂಡು ಗಂಟು ಮಾಡುತ್ತದೆ. ಬಾಯಿಯ ಜಾರುಗುಣ ಹೋಗಿ ನಾಲಿಗೆ ಒಸಡಿಗೆ ಉಜ್ಜಿದ ಹಾಗೆ ಆಗುತ್ತದೆ. ಹಾಗಾಗಿ ಒಗರು ರುಚಿಯಲ್ಲ, ಸ್ಪರ್ಶ. ಎಷ್ಟಿದೆ ಅಂತ ನೋಡಲು ನಾಲಿಗೆಯ ತುದಿಯನ್ನು ಮೇಲ್ದವಡೆಯ ಒಸಡಿನ ಮೇಲೆ ಎಳೆದು ನೋಡಿ, ಜಾರುತ್ತದೋ ತಡೆಯುತ್ತದೋ ಅಂತ. ಎಷ್ಟು ಅನ್ನುವುದರ ಜೊತೆಗೆ ಎಂಥದ್ದು ಅನ್ನುವುದೂ ಇಲ್ಲೇ ಸಿಗುತ್ತದೆ. ಕೆಲವು ಮಖಮಲ್ಲಿನ ಹಾಗೆ, ಕೆಲವು ಮರಳುಕಾಗದದ ಹಾಗೆ.

ಇಲ್ಲಿ ಕಣ್ಣನ್ನು ನಂಬಬೇಡಿ. ಇಟಲಿಯ ಬರೋಲೊ ವೈನ್ ಮಾಡುವುದು ನೆಬ್ಬಿಯೊಲೊ ಅನ್ನುವ ದ್ರಾಕ್ಷಿಯಿಂದ. ಗ್ಲಾಸಿಗೆ ಹಾಕಿದರೆ ತಿಳಿ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ, ಆಚೆಗಿನ ಬೆರಳು ಕಾಣುವಷ್ಟು ತೆಳು. ಹಗುರ ವೈನ್ ಅಂದುಕೊಂಡು ಬಾಯಿಗೆ ಹಾಕಿದರೆ ಒಸಡು, ಕೆನ್ನೆಯ ಒಳಭಾಗ, ಎಲ್ಲ ಒಟ್ಟಿಗೆ ಬಿಗಿದುಕೊಳ್ಳುತ್ತವೆ. ಬಣ್ಣ ಕೊಡುವ ವಸ್ತು ಬೇರೆ, ಒಗರು ಕೊಡುವ ವಸ್ತು ಬೇರೆ, ಎರಡೂ ಸಿಪ್ಪೆಯಲ್ಲೇ ಇದ್ದರೂ ಒಟ್ಟೊಟ್ಟಿಗೆ ಹೋಗಬೇಕಿಲ್ಲ. ಈ ಒಗರು ಮೆತ್ತಗಾಗಲಿ ಅಂತಲೇ ಬರೋಲೊವನ್ನು ಕಡಿಮೆ ಅಂದರೂ 38 ತಿಂಗಳು ಇಟ್ಟು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟು, ಆಮೇಲೆ ಮಾರಬೇಕು ಅನ್ನುವ ನಿಯಮವಿದೆ.

ಬಿಳಿ ವೈನ್‌ನಲ್ಲಿ ಒಗರು ಇರುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮಾಮೂಲಿಯಾಗಿ ಬಿಳಿ ವೈನ್‌ಗೆ ರಸ ಹಿಂಡಿ ಸಿಪ್ಪೆಯನ್ನು ಬೇರೆ ಮಾಡುತ್ತಾರೆ, ಅದಕ್ಕೇ ಒಗರು ಬರುವುದಿಲ್ಲ. ಜಾರ್ಜಿಯಾ ದೇಶದಲ್ಲಿ ಕ್ವೆವ್ರಿ ಅನ್ನುವ ದೊಡ್ಡ ಮಣ್ಣಿನ ಹಂಡೆಗಳನ್ನು ಕುತ್ತಿಗೆವರೆಗೂ ನೆಲದಲ್ಲಿ ಹೂತು, ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಬಿಡುತ್ತಾರೆ. ಜೇನಿನ ಬಣ್ಣದ ವೈನ್ ಬರುತ್ತದೆ, ಒಗರು ಕೆಂಪು ವೈನ್‌ನಷ್ಟೇ. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವೈನ್ ಮಾಡಿದ್ದಕ್ಕೆ ಸಿಕ್ಕಿರುವ ಅತಿ ಹಳೆಯ ಕುರುಹುಗಳಲ್ಲಿ ಆ ದೇಶದವೂ ಸೇರಿವೆ, ಸುಮಾರು 8,000 ವರ್ಷ ಹಿಂದಿನವು. ಆರು ಗ್ಲಾಸುಗಳ ಸಾಲಿನಲ್ಲಿ ಇದೊಂದು ಇದ್ದರೆ ಕೆಂಪು, ಬಿಳಿ ಅನ್ನುವ ವಿಂಗಡಣೆಗೆ ಬಣ್ಣಕ್ಕಿಂತ ಸಿಪ್ಪೆ ಮುಖ್ಯ ಅನ್ನುವುದು ಒಂದೇ ಗುಟುಕಿಗೆ ಮನಸ್ಸಿಗೆ ಹತ್ತುತ್ತದೆ.

ಈಗ ಮೂಗಿಗೆ ಬರೋಣ. ನಾಲಿಗೆಯ ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ ಅಂತ ಒಂದು ಚಿತ್ರ ನಾವೆಲ್ಲ ಎಲ್ಲೋ ನೋಡಿರುತ್ತೇವೆ. ಅದು 1901ರ ಒಂದು ಜರ್ಮನ್ ಅಧ್ಯಯನವನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಹುಟ್ಟಿದ ಚಿತ್ರ, ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆಯೂ ಗೊತ್ತಾಗುತ್ತದೆ. ನಾಲಿಗೆಗೆ ತಿಳಿಯುವ ರುಚಿಗಳು ಬೆರಳೆಣಿಕೆಯಷ್ಟು. ಉಳಿದಂತೆ ನಾವು ‘ರುಚಿ’ ಅನ್ನುವುದರ ಬಹುಪಾಲು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆ. ಒಂದು ಕೈಯಿಂದ ಮೂಗು ಬಿಗಿಯಾಗಿ ಹಿಡಿದು ಒಂದು ಗುಟುಕು ವೈನ್ ಬಾಯಲ್ಲಿ ಇಟ್ಟುಕೊಳ್ಳಿ. ಹುಳಿ, ಒಗರು, ಇಷ್ಟೇ ಸಿಗುತ್ತದೆ. ಈಗ ನುಂಗಿ ಮೂಗು ಬಿಡಿ. ಹಣ್ಣೆಲ್ಲ ಒಮ್ಮೆಲೇ ಬಂದು ತುಂಬಿಕೊಳ್ಳುತ್ತದೆ. ಉಗುಳುವವರೂ ಉಗುಳಿದ ಮೇಲೆ ಮೂಗಿನಿಂದ ಉಸಿರು ಬಿಡುವುದು ಇದಕ್ಕಾಗಿಯೇ.

ಈ ವಾಸನೆಗಳು ಬರೆಯುವವರ ಕಲ್ಪನೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಎಷ್ಟೋ ಸಲ ಹಾಗಲ್ಲ. ಸೊವಿನ್ಯೋಂ ಬ್ಲಾಂ ದ್ರಾಕ್ಷಿಯ ವೈನ್‌ನಲ್ಲಿ ಹಸಿ ದೊಣ್ಣೆ ಮೆಣಸಿನಕಾಯಿ ವಾಸನೆ ಬಂದರೆ, ಆ ಮೆಣಸಿನಕಾಯಿಯಲ್ಲಿರುವ ಪೈರಜೀನ್ ಅನ್ನುವ ವಸ್ತುವೇ ಅಲ್ಲೂ ಇದೆ. ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ 1973ರಲ್ಲಿ ದೊಡ್ಡ ಮಟ್ಟದಲ್ಲಿ ದ್ರಾಕ್ಷಿ ನೆಡಲು ಶುರು ಮಾಡಿದರು. ಇವತ್ತು ಆ ಊರಿನ ಹೆಸರೇ ಈ ವಾಸನೆಯ ಗುರುತಾಗಿಬಿಟ್ಟಿದೆ, ಜೊತೆಗೆ ಪ್ಯಾಶನ್ ಹಣ್ಣಿನ ಘಮ, ಅದಕ್ಕೆ ಕಾರಣ ಗಂಧಕ ಸೇರಿದ ಥಯಾಲ್ ಅನ್ನುವ ವಸ್ತುಗಳು. ಹಳೆಯದಾದ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆ ವಾಸನೆ ಬರುತ್ತದೆ. ಮೊದಲ ಸಲ ಮೂಸಿದವರು ಹಾಳಾಗಿದೆ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಹಾಳಾಗಿಲ್ಲ, ಬಿಸಿಲು ಚೆನ್ನಾಗಿ ಬಿದ್ದ ದ್ರಾಕ್ಷಿಯಲ್ಲಿ ಇದರ ಮೂಲವಸ್ತು ಹೆಚ್ಚು ಇರುತ್ತದೆ, ಸೀಸೆಯಲ್ಲಿ ವರ್ಷ ಕಳೆದ ಹಾಗೆ ಹೊರಗೆ ಬರುತ್ತದೆ.

ನನಗೆ ತುಂಬ ಇಷ್ಟವಾದದ್ದು ಕರಿಮೆಣಸಿನ ಕಥೆ. ಸಿರಾ ಅನ್ನುವ ಕೆಂಪು ದ್ರಾಕ್ಷಿಯ ವೈನ್‌ನಲ್ಲಿ ಮೆಣಸಿನ ವಾಸನೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು, ಯಾಕೆ ಅಂತ ಗೊತ್ತಿರಲಿಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದರ ಕಾರಣವನ್ನು ಪ್ರಕಟಿಸಿದರು, ರೊಟಂಡೋನ್ ಅನ್ನುವ ವಸ್ತು, ಕರಿಮೆಣಸಿನ ಘಾಟಿಗೂ ಅದೇ ಕಾರಣ. ಜೊತೆಗೆ ಇನ್ನೊಂದು ವಿಷಯವೂ ಹೊರಬಿತ್ತು. ಪರೀಕ್ಷೆಗೆ ಕೂತವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಆ ವಾಸನೆ ಸಿಗಲೇ ಇಲ್ಲ, ಪ್ರಮಾಣ ಎಷ್ಟು ಹೆಚ್ಚಿಸಿದರೂ. ಪಕ್ಕದವರು ಮೆಣಸು ಅಂದಾಗ ನಿಮಗೆ ಏನೂ ಬರದಿದ್ದರೆ ಇಬ್ಬರೂ ನಿಜ ಹೇಳುತ್ತಿರಬಹುದು.

ಈ ಸಿರಾ ಜೋಡಿಯನ್ನು ಒಮ್ಮೆ ನೋಡಲೇಬೇಕು. ಒಂದು ಗ್ಲಾಸಿನಲ್ಲಿ ಫ್ರಾನ್ಸಿನ ಉತ್ತರ ರೋನ್ ಕಣಿವೆಯದು, ಇನ್ನೊಂದರಲ್ಲಿ ಆಸ್ಟ್ರೇಲಿಯಾದ ಬಾರೋಸಾದ್ದು. ಅಲ್ಲಿ ಇದೇ ದ್ರಾಕ್ಷಿಗೆ ಶಿರಾಜ್ ಅನ್ನುತ್ತಾರೆ, 1840ರ ದಶಕದಲ್ಲಿ ನೆಟ್ಟ ಬಳ್ಳಿಗಳು ಕೆಲವು ಇನ್ನೂ ಫಲ ಕೊಡುತ್ತಿವೆ. ಎರಡನ್ನೂ ಬೆಳಕಿಗೆ ಹಿಡಿದರೆ ಮೊದಲನೆಯದು ನೇರಳೆ, ಎರಡನೆಯದು ಶಾಯಿಯ ಹಾಗೆ ಕಪ್ಪು. ರೋನ್‌ನದನ್ನು ಮೂಸಿದರೆ ಕುಟ್ಟಿದ ಮೆಣಸು, ಸ್ವಲ್ಪ ಹೊಗೆ, ಹಣ್ಣು ಹಿಂದೆಲ್ಲೋ ಇರುತ್ತದೆ. ಬಾಯಿಗೆ ಹಾಕಿದರೆ ನೀರೂರುತ್ತದೆ, ಗಂಟಲು ತಣ್ಣಗೇ ಇರುತ್ತದೆ. ಬಾರೋಸಾದ್ದು ಗ್ಲಾಸು ಮೂಗಿನ ಹತ್ತಿರ ಬರುವ ಮೊದಲೇ ಬಂದುಬಿಡುತ್ತದೆ, ಬೇಯಿಸಿದ ಕಪ್ಪು ಹಣ್ಣು, ಚಾಕೊಲೇಟ್, ಬಾಯಿ ತುಂಬ ಮೆತ್ತನೆಯ ಭಾರ, ಆಮೇಲೆ ಎದೆಗೆ ಇಳಿಯುವ ಬಿಸಿ. ರೊಟಂಡೋನ್ ತಂಪಿನ ಜಾಗದಲ್ಲಿ, ತಂಪಿನ ವರ್ಷದಲ್ಲಿ ಹೆಚ್ಚು ಸೇರಿಕೊಳ್ಳುತ್ತದೆ. ಒಂದೇ ದ್ರಾಕ್ಷಿ, ಆದರೆ ಎರಡು ಗ್ಲಾಸಿನ ನಡುವೆ ಒಂದು ಭೂಖಂಡದಷ್ಟು ದೂರ.

ಎಲ್ಲ ವ್ಯತ್ಯಾಸವೂ ಊರಿನದಲ್ಲ, ಅದನ್ನೂ ಹೇಳಬೇಕು. ಸ್ಪೇನಿನ ರಿಯೋಹಾ ವೈನ್‌ನಲ್ಲಿ ವೆನಿಲಾ, ಕೊಬ್ಬರಿಯ ಘಮ ಬಂದರೆ ಅದು ಮಣ್ಣಿನಿಂದ ಬಂದದ್ದಲ್ಲ, ಅಮೆರಿಕದ ಓಕ್ ಮರದ ಪೀಪಾಯಿಯಿಂದ ಬಂದದ್ದು. ಕೆಂಪು ವೈನ್‌ನ ಲೇಬಲ್ ಮೇಲೆ ರಿಸರ್ವಾ ಅಂತಿದ್ದರೆ ಕನಿಷ್ಠ 3 ವರ್ಷ ಇಟ್ಟಿದ್ದಾರೆ, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ಗ್ರಾನ್ ರಿಸರ್ವಾ ಆದರೆ 5 ವರ್ಷ. ಶಾಂಪೇನ್‌ನ ಬ್ರೆಡ್ಡಿನ ವಾಸನೆ ಸೀಸೆಯ ತಳದಲ್ಲಿ ಕೂತ ಯೀಸ್ಟ್‌ನ ಗಸಿಯಿಂದ. ಸ್ಪೇನಿನ ದಕ್ಷಿಣದ ಹೆರೆಸ್‌ನಲ್ಲಿ ಮಾಡುವ ಫಿನೋ ಶೆರಿ ಅನ್ನುವ ವೈನ್ ಮೇಲೆ ಯೀಸ್ಟ್ ಕೆನೆಗಟ್ಟುತ್ತದೆ, ಫ್ಲೋರ್ ಅನ್ನುತ್ತಾರೆ, ಅದರ ಅಡಿಯಲ್ಲಿ ವರ್ಷಗಟ್ಟಲೆ ಕೂತ ವೈನ್ ಕತ್ತರಿಸಿಟ್ಟ ಸೇಬಿನ ಹಾಗೆ, ಬಾದಾಮಿಯ ಹಾಗೆ ಘಮಿಸುತ್ತದೆ. ಇನ್ನು ‘ಕಲ್ಲಿನ ರುಚಿ’ ಅನ್ನುವ ಮಾತು. ಶಾಬ್ಲಿಯ ಸುಣ್ಣಕಲ್ಲಿನಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆ ತುಂಬಿರುವುದು ನಿಜ. ಆದರೆ ಬಳ್ಳಿ ಆ ಸಿಂಪಿಯ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುವುದಿಲ್ಲ. ಮಣ್ಣಿನ ಕೆಲಸ ನೀರು ಎಷ್ಟು ಹಿಡಿಯುತ್ತದೆ, ಎಷ್ಟು ಬಿಸಿಯಾಗುತ್ತದೆ ಅನ್ನುವುದರಲ್ಲಿ ಇದೆ. ಆ ಪದ ಬಳಸಬೇಡಿ ಅಂತಲ್ಲ, ಹೋಲಿಕೆಯಾಗಿ ಬಳಸಿ.

ಸರಿ, ನೀವೇ ಒಂದು ಸಾಲು ಜೋಡಿಸುವುದಾದರೆ. ಆರು ಸಾಕು, ಅದಕ್ಕಿಂತ ಹೆಚ್ಚಾದರೆ ಶುರುವಿನಲ್ಲಿ ನಾಲಿಗೆ ಸೋಲುತ್ತದೆ. ನಾನು ಜೋಡಿ ಜೋಡಿಯಾಗಿ ಇಡುತ್ತೇನೆ: ಒಂದೇ ತಳಿ, ಎರಡು ಊರು. ಸೊವಿನ್ಯೋಂ ಬ್ಲಾಂ ಆದರೆ ಫ್ರಾನ್ಸಿನ ಸಾಂಸೇರ್ ಮತ್ತು ಮಾರ್ಲ್‌ಬರೋ, ಆಮೇಲೆ ಎರಡು ಶಾರ್ಡನೆ, ಕೊನೆಗೆ ಎರಡು ಸಿರಾ. ಬರೋಲೊ ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ, ಯಾಕಂದರೆ ಒಗರು ಗುಟುಕಿನಿಂದ ಗುಟುಕಿಗೆ ಪೇರುತ್ತಾ ಹೋಗುತ್ತದೆ, ಅದಾದ ಮೇಲೆ ಹಗುರ ವೈನ್ ಏನೂ ಅನ್ನಿಸುವುದಿಲ್ಲ. ಸಿಹಿ ವೈನ್ ಇನ್ನೂ ಆಚೆಗೆ. ಅದರ ಮೇಲೆ ಕುಡಿದ ಸಿಹಿಯಿಲ್ಲದ ವೈನ್ ಬರೀ ಹುಳಿ ಅನ್ನಿಸುತ್ತದೆ. ಬಿಳಿಯನ್ನು 8ರಿಂದ 12 ಡಿಗ್ರಿ, ಕೆಂಪನ್ನು 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ತೀರಾ ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ, ಒಗರು ಒರಟಾಗುತ್ತದೆ, ತೀರಾ ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಜೋಡಿಯ ಎರಡೂ ಗ್ಲಾಸು ಒಂದೇ ಆಕಾರದ್ದು, ಒಂದೇ ತಂಪಿನಲ್ಲಿ ಇರಬೇಕು, ಇಲ್ಲವಾದರೆ ನೀವು ಹೋಲಿಸುತ್ತಿರುವುದು ಊರನ್ನಲ್ಲ, ಗ್ಲಾಸನ್ನು. ಮೂತಿ ಸ್ವಲ್ಪ ಕಿರಿದಾದ ಗ್ಲಾಸು ವಾಸನೆಯನ್ನು ಹಿಡಿದಿಡುತ್ತದೆ. ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಎಲ್ಲರಿಗೂ ಮೊದಲೇ ಹೇಳಿಬಿಡಿ.

ಒಬ್ಬೊಬ್ಬರಿಗೆ 50 ಮಿಲಿ ಸಾಕು, 750 ಮಿಲಿಯ ಒಂದು ಸೀಸೆ 15 ಜನಕ್ಕೆ ಆಗುತ್ತದೆ. ಉಗುಳಲು ಒಂದು ಪಾತ್ರೆ ಇಡಿ. ಇದಕ್ಕೆ ಸಂಕೋಚ ಬೇಡ, ವೃತ್ತಿಯಲ್ಲಿರುವವರು ಎಲ್ಲರೂ ಉಗುಳುತ್ತಾರೆ. ಆರನ್ನೂ ಪೂರ್ತಿ ನುಂಗಿದರೆ ಸುಮಾರು 30 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತದೆ, ನಾಲ್ಕನೆಯದರ ಹೊತ್ತಿಗೆ ಎಲ್ಲವೂ ಚೆನ್ನಾಗಿದೆ ಅನ್ನಿಸಲು ಶುರುವಾಗುತ್ತದೆ. ಯಾವ ಪ್ರಮಾಣದ ಆಲ್ಕೋಹಾಲೂ ಆರೋಗ್ಯಕ್ಕೆ ಸುರಕ್ಷಿತ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಉಗುಳಿದರೂ ಸ್ವಲ್ಪ ಒಳಗೆ ಹೋಗುತ್ತದೆ, ಹಾಗಾಗಿ ಅವತ್ತು ಗಾಡಿ ಓಡಿಸುವ ಕೆಲಸ ಬೇಡ.

ಯಾವುದಾದರೂ ಗ್ಲಾಸಿನಲ್ಲಿ ಒದ್ದೆ ರಟ್ಟಿನ ಹಾಗೆ ಮುಗ್ಗಲು ವಾಸನೆ ಬಂದರೆ, ಹಣ್ಣು ಎಲ್ಲೋ ಅಡಗಿ ಕೂತ ಹಾಗಿದ್ದರೆ, ಅದು ಕಾರ್ಕ್‌ನಿಂದ ಬಂದ ದೋಷ. ಟಿಸಿಎ ಅನ್ನುವ ವಸ್ತು ಕಾರಣ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಅದು ಆ ಊರಿನ ಗುಣ ಅಂತ ಬರೆದುಕೊಳ್ಳಬೇಡಿ. ಆ ಸೀಸೆ ಪಕ್ಕಕ್ಕಿಡಿ.

ಆಮೇಲೆ, ಸೀಸೆಗಳಿಗೆ ಕಾಗದ ಸುತ್ತಿ ಲೇಬಲ್ ಮುಚ್ಚಿ. ಇದನ್ನು ಬಿಡಲೇಬೇಡಿ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಪ್ರಯೋಗವೊಂದರಲ್ಲಿ, ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ವಿದ್ಯಾರ್ಥಿಗಳಿಗೆ ಕೊಟ್ಟರು. ವೈನ್ ಬಗ್ಗೆಯೇ ಓದುತ್ತಿದ್ದವರು. ಅವರು ಅದನ್ನು ವರ್ಣಿಸಲು ಬಳಸಿದ್ದು ಕೆಂಪು ವೈನ್‌ಗೆ ಬಳಸುವ ಹಣ್ಣುಗಳ ಹೆಸರನ್ನೇ. ಕಣ್ಣು ಮೂಗಿಗೆ ಮೊದಲೇ ಹೇಳಿಬಿಟ್ಟಿರುತ್ತದೆ, ಮೂಗು ಹೂಂ ಅನ್ನುತ್ತದೆ. ಹೆಸರೂ ಹಾಗೆಯೇ ಮಾಡುತ್ತದೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದ ರುಚಿ ಪರೀಕ್ಷೆಯಲ್ಲಿ ಲೇಬಲ್ ಮುಚ್ಚಿದ್ದರು, ಫ್ರೆಂಚ್ ತೀರ್ಪುಗಾರರು ಬಿಳಿಯಲ್ಲೂ ಕೆಂಪಿನಲ್ಲೂ ಮೊದಲ ಸ್ಥಾನ ಕೊಟ್ಟದ್ದು ಕ್ಯಾಲಿಫೋರ್ನಿಯಾದ ವೈನ್‌ಗಳಿಗೆ.

ಹಾಳೆಯಲ್ಲಿ ನಾನು ನಾಲ್ಕು ಕಾಲಂ ಹಾಕುತ್ತೇನೆ. ಹುಳಿ, ಬಿಸಿ, ಒಗರು, ಮೂರಕ್ಕೂ 1ರಿಂದ 5ರವರೆಗೆ ಒಂದು ಅಂಕಿ. ನಾಲ್ಕನೆಯದು ವಾಸನೆಗೆ. ಅಲ್ಲಿ ಏನು ಬೇಕಾದರೂ ಬರೆಯಬಹುದು, ಬಾಲ್ಯದ ಯಾವುದೋ ಕಪಾಟಿನ ವಾಸನೆ ಅಂತಲೂ ಬರೆಯಬಹುದು. ಪದ ಸಿಗದಿದ್ದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ರೂಪಿಸಿದ ವಾಸನೆಯ ಚಕ್ರ ನೋಡಿ. ಒಳಗಿನ ಸುತ್ತಿನಲ್ಲಿ ‘ಹಣ್ಣು’ ಅಂತಿದ್ದರೆ ಹೊರಗೆ ಹೋದ ಹಾಗೆ ‘ನಿಂಬೆ ಜಾತಿಯದು’, ಆಮೇಲೆ ‘ನಿಂಬೆ’ ಅಂತ ಬಿಡಿಸಿಕೊಂಡು ಹೋಗುತ್ತದೆ. ಹೊರಗಿನ ಸುತ್ತಿಗೆ ಹೋಗಲು ಆತುರ ಬೇಡ, ಶುರುವಿನಲ್ಲಿ ಹಣ್ಣೋ ಹೂವೋ ಮರವೋ ಅಂತ ಗೊತ್ತಾದರೆ ಸಾಕು.

ಒಂದು ಸಲ ಗೆಳೆಯರು ಏಳು ಗ್ಲಾಸು ಇಟ್ಟರು, ಎಲ್ಲಕ್ಕೂ ಕಾಗದ ಸುತ್ತಿದ ಸೀಸೆಗಳು. ನಾನು ಒಂದೊಂದನ್ನೂ ನಿಧಾನಕ್ಕೆ ನೋಡಿ ಬರೆದೆ. ಎರಡನೆಯದಕ್ಕೆ ‘ನೇರಳೆ, ಮೆಣಸು’ ಅಂತ ಬರೆದಿದ್ದೆ, ಆರನೆಯದಕ್ಕೆ ‘ಚರ್ಮದ ಚೀಲ, ಒಣಗಿದ ಹೂವು’. ಕಾಗದ ಬಿಚ್ಚಿದಾಗ ಗೊತ್ತಾಯಿತು, ಎರಡೂ ಒಂದೇ ಸೀಸೆಯ ಉತ್ತರ ರೋನ್ ಸಿರಾ. ಹಾಳೆಯನ್ನು ಮತ್ತೆ ನೋಡಿದೆ. ಎರಡನೆಯ ಸಾಲಿನಲ್ಲಿ ಹುಳಿ 4, ಬಿಸಿ 2, ಒಗರು 3. ಆರನೆಯ ಸಾಲಿನಲ್ಲೂ ಹುಳಿ 4, ಬಿಸಿ 2, ಒಗರು 3.